ಸಹಾಯ ಬೇಕು: ಪಟಿಕದ ಹರಳಿನೊಳಗಿನ ದೋಷದ ಚಿತ್ರ ತೆಗೆಯಬೇಕಿದೆ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಭೌತಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಮೂರು ತಿಂಗಳು ಕಾಪಾಡಿಕೊಂಡು ಪಟಿಕದ ಹರಳೊಂದನ್ನು ಬೆಳೆಸಿದ್ದೇನೆ. ಹುಣಸೆ ಬೀಜದಷ್ಟಿದೆ, ಎಂಟು ಮುಖ. ಈ ಬಿಸಿಲಿನಲ್ಲಿ ಕರೆಂಟ್ ಹೋದಾಗಲೆಲ್ಲ ದ್ರಾವಣ ಕಾದು, ಹರಳು ತುಸು ಕರಗಿ ಮತ್ತೆ ಬೆಳೆದಿದೆ. ನೋಡಲು ತಿಳಿನೀರಿನಂತಿದೆ, ನಡುವೆ ಮಾತ್ರ ತೆಳು ಮಂಜು. ಡಿಸ್‌ಲೊಕೇಶನ್ ಗೆರೆಗಳು (ಪರಮಾಣುಗಳ ಸಾಲು ತಪ್ಪಿದ ಗೆರೆಯಂಥ ದೋಷಗಳು) ಅಲ್ಲಿಂದಲೇ ಹೊರಟಿರಬೇಕೆಂಬ ಅನುಮಾನ ನನಗೆ.

ಪುಡಿ ಮಾಡಿ ಪರೀಕ್ಷಿಸಿದರೆ ನೋಡಬೇಕಾದ ದೋಷವೇ ಅಳಿಸಿಹೋಗುತ್ತದೆ. ಬೇಕಿರುವುದು ಎಕ್ಸ್‌ರೇ ಟೋಪೋಗ್ರಫಿ, ಅಂದರೆ ಹರಳನ್ನು ಪುಡಿ ಮಾಡದೆ ಎಕ್ಸ್‌ರೇಯಿಂದ ಒಳಗಿನ ದೋಷಗಳ ಚಿತ್ರ ತೆಗೆಯುವುದು. ಅದರ ಒಂದು ಬಗೆಯಾದ ಲ್ಯಾಂಗ್ ವಿಧಾನದಲ್ಲಿ ಹರಳು, ಫಿಲ್ಮ್ ಎರಡೂ ಒಟ್ಟಿಗೆ ಸರಿಯುತ್ತವೆ. ದೋಷದ ಸುತ್ತ ಬಾಗಿದ ಪರಮಾಣು ಪದರಗಳು ಕಿರಣವನ್ನು ಹೆಚ್ಚು ವಿವರ್ತಿಸುವುದರಿಂದ (ದಿಕ್ಕು ಬದಲಿಸಿ ಫಿಲ್ಮಿನತ್ತ ಕಳಿಸುವುದರಿಂದ) ಗೆರೆ ಕಪ್ಪಾಗಿ ಮೂಡುತ್ತದೆ. 0.71 ಆಂಗ್‌ಸ್ಟ್ರಾಂ ತರಂಗಾಂತರದ ಮಾಲಿಬ್ಡಿನಂ ಎಕ್ಸ್‌ರೇ ಕಿರಣಕ್ಕೆ ಹರಳಿನಿಂದ ಕೊಯ್ದ 1 ಮಿ.ಮೀ. ದಪ್ಪದ ಬಿಲ್ಲೆ ಸರಿಹೋಗುತ್ತದೆಂದು ಲೆಕ್ಕ ಹಾಕಿದ್ದೇನೆ.

ಹೀಗೆ ಬಿಲ್ಲೆ ತೆಗೆಯಲು ಒದ್ದೆ ದಾರದಿಂದ ಹರಳು ಕೊಯ್ದ ಅನುಭವ ಯಾರಿಗಾದರೂ ಇದೆಯೇ? ಇಂದೋರಿನ ಇಂಡಸ್-2 ಸಿಂಕ್ರೋಟ್ರಾನ್‌ನಲ್ಲಿ (ಪ್ರಬಲ ಎಕ್ಸ್‌ರೇ ಹೊಮ್ಮಿಸುವ ದೊಡ್ಡ ಯಂತ್ರ) ಪ್ರಯೋಗ ಮಾಡಲು ಅರ್ಜಿ ಹಾಕಿದವರಿದ್ದರೆ ದಯವಿಟ್ಟು ದಾರಿ ತೋರಿಸಿ. ನನ್ನ ಬಳಿ ಇರುವುದು ಇದೊಂದೇ ಹರಳು.