ಆಫೀಸ್ ಕಂಪ್ಯೂಟರ್‌ಗೆ ಕಡಿಮೆ ಖರ್ಚಿನ ಇಮೇಲ್ ಪ್ರೋಗ್ರಾಂ ಯಾವುದು? ಬಳಸಿದವರು ಹೇಳಿ

ಕೇಳಿದವರು:

ನಮ್ಮದು ಸಣ್ಣ ಆಫೀಸು. ನನ್ನ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಇದೆ. ವಿಂಡೋಸ್ ಜೊತೆಗೇ ಬರುತ್ತಿದ್ದ ಮೇಲ್ ಆ್ಯಪ್‌ನಲ್ಲೇ ಇಷ್ಟು ದಿನ ಕೆಲಸ ನಡೆಯುತ್ತಿತ್ತು. ಈಗ ಅದರಲ್ಲಿ ಮೇಲ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಾನು ಎರಡು ವಿಳಾಸ ನೋಡಿಕೊಳ್ಳಬೇಕು, ಒಂದು ನನ್ನದು, ಇನ್ನೊಂದು ಆಫೀಸಿನದು. ಎರಡೂ ನಮ್ಮದೇ ಡೊಮೇನ್‌ನವು. ವೆಬ್‌ಸೈಟ್ ಇಟ್ಟಿರುವ ಹೋಸ್ಟಿಂಗ್ ಕಂಪನಿಯೇ ಮೇಲ್ ಕೂಡ ಕೊಟ್ಟಿದೆ. ತಿಂಗಳು ತಿಂಗಳು ದುಡ್ಡು ಕಟ್ಟುವುದು ಬೇಡ ಅಂತ ಯಜಮಾನರು ಹೇಳಿದ್ದಾರೆ. ಒಂದೇ ಸಲ ಕೊಟ್ಟು ಮುಗಿಯುವುದಾದರೆ ಪರವಾಗಿಲ್ಲ. ಹಳೇ ಮೇಲ್ ಬೇಗ ಹುಡುಕಲು ಬರಬೇಕು. ಔಟ್‌ಲುಕ್ ಕೊಳ್ಳಲೇಬೇಕಾ? ಉಚಿತದ್ದರಲ್ಲಿ ಆಗುತ್ತಾ?

ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವರು:

ಆಗುತ್ತೆ. ಆದರೆ ಪ್ರೋಗ್ರಾಂ ಹುಡುಕುವ ಮೊದಲು ಹೋಸ್ಟಿಂಗ್ ಕಂಪನಿಗೆ ಒಂದು ಮಾತು ಕೇಳಿ: ನಮ್ಮ ಮೇಲ್ ಐಮ್ಯಾಪ್‌ನಲ್ಲಿ ಸಿಗುತ್ತಾ, ಇಲ್ಲಾ ಮೈಕ್ರೋಸಾಫ್ಟ್‌ನವರ ಎಕ್ಸ್‌ಚೇಂಜ್ ಮೇಲ್ ಸರ್ವರಾ? ಹೋಸ್ಟಿಂಗ್ ಜೊತೆ ಬರುವ ಮೇಲ್ ಸಾಮಾನ್ಯವಾಗಿ ಐಮ್ಯಾಪೇ ಆಗಿರುತ್ತೆ. ಐಮ್ಯಾಪ್ ಅಂದ್ರೆ ಮೇಲ್ ಎಲ್ಲ ಸರ್ವರ್‌ನಲ್ಲೇ ಇರುತ್ತೆ, ನಿಮ್ಮ ಕಂಪ್ಯೂಟರ್‌ಗೆ ಅದರ ಪ್ರತಿ ಬರುತ್ತೆ. ಹಾಗಿದ್ದರೆ ಯಾವ ಪ್ರೋಗ್ರಾಂ ಹಾಕಿದರೂ ನಡೆಯುತ್ತೆ. ಇಷ್ಟ ಆಗಲಿಲ್ಲ ಅಂದ್ರೆ ತೆಗೆದು ಇನ್ನೊಂದು ಹಾಕಬಹುದು, ಮೇಲ್ ಎಲ್ಲೂ ಹೋಗಲ್ಲ. ಎಕ್ಸ್‌ಚೇಂಜ್ ಆದರೆ ಮಾತ್ರ ಆಯ್ಕೆ ಕಡಿಮೆ, ಖರ್ಚು ಜಾಸ್ತಿ.

ಪಾಪ್ ಅಂತ ಇನ್ನೊಂದು ಬಗೆ ಇದೆ. ಅದರ ಹತ್ತಿರ ಹೋಗಬೇಡಿ. ಪಾಪ್‌ನಲ್ಲಿ ಮೇಲ್ ಕಂಪ್ಯೂಟರ್‌ಗೆ ಇಳಿದ ಮೇಲೆ ಸರ್ವರ್‌ನಿಂದ ಅಳಿಸಿಹೋಗುವಂತೆ ಇರುತ್ತೆ. ಕೆಲವು ಪ್ರೋಗ್ರಾಂಗಳಲ್ಲಿ 14 ದಿನ ಇಟ್ಟು ಆಮೇಲೆ ಅಳಿಸು ಅಂತ ಮೊದಲೇ ಟಿಕ್ ಬಿದ್ದಿರುತ್ತೆ, ಯಾರೂ ನೋಡಿರಲ್ಲ. ಆಫೀಸಿನ ವಿಳಾಸವನ್ನು ಇಬ್ಬರು ನೋಡುವ ಕಡೆ ಜಗಳ ಶುರುವಾಗುವುದೇ ಇಲ್ಲಿಂದ. ಒಬ್ಬರಿಗೆ ಬಂದ ಮೇಲ್ ಇನ್ನೊಬ್ಬರಿಗೆ ಕಾಣಲ್ಲ.

ಐಮ್ಯಾಪ್ ಅಂತ ಖಾತ್ರಿಯಾದರೆ ನನ್ನ ಓಟು ಥಂಡರ್‌ಬರ್ಡ್‌ಗೆ. ಮೊಜಿಲ್ಲಾದವರದು, 2004ರಿಂದ ಇದೆ. ದೇಣಿಗೆಯಿಂದ ನಡೆಯುತ್ತೆ. ಪೂರ್ತಿ ಉಚಿತ, ಆಫೀಸಿನಲ್ಲಿ ಬಳಸಲು ಬೇರೆ ಲೈಸೆನ್ಸ್ ಬೇಕಿಲ್ಲ. ಮೊದಲು ನೋಡೋಕೆ ಹಳೇ ಕಾಲದ್ದು ಅನ್ನಿಸುತ್ತಿತ್ತು, 2023ರಲ್ಲಿ ರೂಪ ಬದಲಾಗಿದೆ. ಕ್ಯಾಲೆಂಡರ್ ಒಳಗೇ ಇದೆ. ಹುಡುಕಾಟ ಎರಡು ಥರ. ಕಂಟ್ರೋಲ್ ಶಿಫ್ಟ್ ಕೆ ಒತ್ತಿದರೆ ತೆರೆದಿರುವ ಫೋಲ್ಡರ್‌ನಲ್ಲಿ ಮಾತ್ರ ಸೋಸುತ್ತೆ, ಕಂಟ್ರೋಲ್ ಕೆ ಒತ್ತಿದರೆ ಎಲ್ಲ ಅಕೌಂಟ್‌ಗಳಲ್ಲೂ ಹುಡುಕುತ್ತೆ. ದಿನದ ಕೆಲಸಕ್ಕೆ ಮೊದಲನೆಯದೇ ಸಾಕು, ಟೈಪ್ ಮಾಡುತ್ತಿದ್ದಂತೆ ಪಟ್ಟಿ ಚಿಕ್ಕದಾಗುತ್ತಾ ಹೋಗುತ್ತೆ.

ಲೆಕ್ಕಪತ್ರ ವಿಭಾಗದವರೊಬ್ಬರು:

ನಾನು ಔಟ್‌ಲುಕ್ ಪರ. ಆದರೆ ಎಲ್ಲರಿಗೂ ಬೇಕು ಅಂತ ಹೇಳಲ್ಲ. ನಮ್ಮಲ್ಲಿ ಮೀಟಿಂಗ್ ಕರೆಯುವುದು, ಇನ್ನೊಬ್ಬರ ಕ್ಯಾಲೆಂಡರ್ ನೋಡಿ ಟೈಮ್ ಹಿಡಿಯುವುದು ಇಡೀ ದಿನದ ಕೆಲಸ, ಸರ್ವರ್ ಕೂಡ ಎಕ್ಸ್‌ಚೇಂಜ್. ಅಲ್ಲಿ ಔಟ್‌ಲುಕ್‌ಗೆ ಸಾಟಿ ಇಲ್ಲ. ಬರೀ ಮೇಲ್ ಓದಿ ಉತ್ತರ ಬರೆಯುವುದಾದರೆ ಅಷ್ಟು ದುಡ್ಡು ಸುಮ್ನೆ ದಂಡ.

ಒಂದೇ ಸಲ ಕೊಟ್ಟು ಕೊಳ್ಳುವ ಆಫೀಸ್ 2024 ಇದೆ. ಕೊಳ್ಳುವಾಗ ಡಬ್ಬಿ ಮೇಲೆ ಏನು ಬರೆದಿದೆ ಅಂತ ಸರಿಯಾಗಿ ಓದಿ. ಹೋಮ್ ಅನ್ನುವುದರಲ್ಲಿ ವರ್ಡ್, ಎಕ್ಸೆಲ್ ಎಲ್ಲ ಇರುತ್ತೆ, ಔಟ್‌ಲುಕ್ ಮಾತ್ರ ಇರಲ್ಲ. ಹೋಮ್ ಆ್ಯಂಡ್ ಬಿಸಿನೆಸ್ ಅನ್ನುವುದರಲ್ಲಿ ಇರುತ್ತೆ, ಬೆಲೆಯೂ ಜಾಸ್ತಿ. ಯಾರಾದರೂ 2016 ಅಥವಾ 2019ರ ಹಳೇ ಆಫೀಸ್ ಕಡಿಮೆಗೆ ಕೊಡುತ್ತೇನೆ ಅಂದರೆ ತೆಗೆದುಕೊಳ್ಳಬೇಡಿ. ಅವೆರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ, ಇನ್ನು ಭದ್ರತೆಯ ಅಪ್‌ಡೇಟ್ ಬರಲ್ಲ.

ಇನ್ನು ಆನ್‌ಲೈನ್‌ನಲ್ಲಿ ಮೂರು ಕಾಸಿಗೆ ಸಿಗುವ 'ಜೀವನಪೂರ್ತಿ' ಕೀಗಳು. ನಮ್ಮ ಪರಿಚಯದ ಆಫೀಸಿನಲ್ಲಿ ಅಂಥದ್ದೊಂದು ಹಾಕಿದ್ದರು. ಕೆಲವು ತಿಂಗಳು ನಡೆಯಿತು, ಆಮೇಲೆ ಲೈಸೆನ್ಸ್ ಸರಿಯಿಲ್ಲ ಅಂತ ಕೆಂಪು ಪಟ್ಟಿ ಬಂತು. ಮಾರಿದವರು ಫೋನೇ ಎತ್ತಲಿಲ್ಲ.

ಒಬ್ಬರೇ ಆಫೀಸ್ ನಡೆಸುವವರು:

ಇಎಂ ಕ್ಲೈಂಟ್ ಯಾರೂ ಹೇಳಲೇ ಇಲ್ವಲ್ಲ? ನೋಡೋಕೆ ಔಟ್‌ಲುಕ್ ಥರ, ಕಲಿಯೋಕೆ ಕಷ್ಟ ಇಲ್ಲ. ಮೇಲ್ ತೆರೆದರೆ ಪಕ್ಕದ ಪಟ್ಟಿಯಲ್ಲಿ ಆ ವ್ಯಕ್ತಿಯ ಜೊತೆ ಹಿಂದೆ ನಡೆದ ಮಾತುಕತೆ, ಅವರು ಕಳಿಸಿದ ಫೈಲ್ ಎಲ್ಲ ಕಾಣುತ್ತೆ. ಆ ಒಂದು ಪಟ್ಟಿಗೋಸ್ಕರವೇ ನಾನು ದುಡ್ಡು ಕೊಟ್ಟಿದ್ದು. ಇದರ ಉಚಿತ ಆವೃತ್ತಿ ಸ್ವಂತ ಬಳಕೆಗೆ ಮಾತ್ರ. ಆಫೀಸ್ ಕೆಲಸಕ್ಕೆ ಅಂದ ಮೇಲೆ ಲೈಸೆನ್ಸ್ ಕೊಳ್ಳಬೇಕು. ತೆರೆದುಕೊಳ್ಳುತ್ತೆ ಅಂತ ಉಚಿತದ್ದನ್ನೇ ಆಫೀಸಿನಲ್ಲಿ ಓಡಿಸುವವರು ಬಹಳ ಜನ, ಅದು ಸರಿಯಲ್ಲ. ಒಂದೇ ಸಲ ಕೊಟ್ಟು ಮುಗಿಸುವ ಲೈಸೆನ್ಸೂ ಇದೆ, ಮುಂದಿನ ಹೊಸ ಆವೃತ್ತಿ ಅದರಲ್ಲಿ ಸೇರಿದೆಯಾ ಅಂತ ಮಾತ್ರ ಕೊಳ್ಳುವ ಮುಂಚೆ ನೋಡಿಕೊಳ್ಳಿ.

ಪೋಸ್ಟ್‌ಬಾಕ್ಸ್ ಅಂತ ಹಳೇ ಲೇಖನಗಳಲ್ಲಿ ಹೊಗಳಿರುತ್ತಾರೆ. ಅದನ್ನು 2024ರಲ್ಲಿ ಇಎಂ ಕ್ಲೈಂಟ್‌ನವರೇ ಕೊಂಡುಕೊಂಡು ನಿಲ್ಲಿಸಿದರು. ಹುಡುಕುತ್ತಾ ಕೂರಬೇಡಿ.

ಇನ್ನೊಬ್ಬರು:

ಮೇಲ್ ಆ್ಯಪ್ ನಿಂತಿದ್ದು 2024ರ ಡಿಸೆಂಬರ್ 31ಕ್ಕೆ. ಅದರ ಬದಲಿಗೆ ಮೈಕ್ರೋಸಾಫ್ಟ್‌ನವರು ಕೊಟ್ಟಿರುವುದು 'ಹೊಸ ಔಟ್‌ಲುಕ್'. ಅದೂ ಉಚಿತವೇ, ವಿಂಡೋಸ್ 11ರಲ್ಲಿ ನಿಮಗೆ ಆಗಲೇ ಬಂದಿರಬಹುದು. ಮೇಲಿನವರು ಹೇಳಿದ ದುಡ್ಡಿನ ಔಟ್‌ಲುಕ್ ಬೇರೆ, ಇದು ಬೇರೆ. ದುಡ್ಡು ಕಟ್ಟದಿದ್ದರೆ ಪಟ್ಟಿಯ ಮೇಲೆ ಜಾಹೀರಾತು ಕೂರುತ್ತೆ, ನೋಡೋಕೆ ಮೇಲ್ ಥರಾನೇ ಇರುತ್ತೆ. ಅದನ್ನಾದರೂ ಸಹಿಸಬಹುದು. ನನಗೆ ಹಿಡಿಸದೇ ಇದ್ದದ್ದು ಬೇರೆ. ನಿಮ್ಮ ಹೋಸ್ಟಿಂಗ್ ಕಂಪನಿಯ ಮೇಲ್ ಇದರಲ್ಲಿ ಹಾಕಿದರೆ, ಆ ಮೇಲ್ ಮೈಕ್ರೋಸಾಫ್ಟ್ ಕ್ಲೌಡ್‌ಗೆ ಹೋಗಿ ಅಲ್ಲಿಂದ ನಿಮಗೆ ಕಾಣುತ್ತೆ. ಅಕೌಂಟ್ ಹಾಕುವಾಗ ಒಂದು ಕಿಟಕಿಯಲ್ಲಿ ಇದನ್ನು ಹೇಳಿ ಒಪ್ಪಿಗೆ ಕೇಳುತ್ತಾರೆ. ನಾವು ಓದದೆ ಮುಂದೆ ಅಂತ ಒತ್ತಿಬಿಡುತ್ತೇವೆ, ಅಲ್ವಾ? ಸ್ವಂತ ಮೇಲ್ ಆದರೆ ನಿಮ್ಮಿಷ್ಟ. ಗ್ರಾಹಕರ ಕಾಗದಪತ್ರ ಇರುವ ಆಫೀಸ್ ಮೇಲ್ ಆದರೆ ಯಜಮಾನರನ್ನು ಕೇಳಿಯೇ ಮಾಡಿ.

ಕೇಳಿದವರು:

ತುಂಬಾ ಉಪಕಾರ. ಹೋಸ್ಟಿಂಗ್‌ನವರನ್ನು ಕೇಳಿದೆ, ಐಮ್ಯಾಪೇ ಅಂತೆ. ಹಳೇ ಮೇಲ್ ಆ್ಯಪ್‌ನಲ್ಲಿರುವ ಮೇಲ್‌ಗಳ ಗತಿ ಏನು? ಮತ್ತೆ ಥಂಡರ್‌ಬರ್ಡ್‌ನಲ್ಲಿ ಏನೇನು ತೊಂದರೆ ಬರುತ್ತೆ, ಅದನ್ನೂ ಹೇಳಿಬಿಡಿ.

ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವರು:

ಐಮ್ಯಾಪ್ ಆದ್ದರಿಂದ ಅರ್ಧ ತಲೆನೋವು ಕಮ್ಮಿ. ಮೊದಲು ಬ್ರೌಸರ್‌ನಲ್ಲಿ ಹೋಸ್ಟಿಂಗ್‌ನವರ ವೆಬ್‌ಮೇಲ್ ತೆರೆದು ನೋಡಿ. ಹಳೇ ಮೇಲ್ ಅಲ್ಲಿ ಕಂಡರೆ ಥಂಡರ್‌ಬರ್ಡ್‌ನಲ್ಲೂ ತಾನಾಗಿ ಬರುತ್ತೆ. ಅಲ್ಲಿ ಕಾಣದೆ ಹಳೇ ಆ್ಯಪ್‌ನಲ್ಲಿ ಮಾತ್ರ ಇರುವ ಮೇಲ್ ಏನಾದರೂ ಇದ್ದರೆ ಅದನ್ನು ಆ್ಯಪ್‌ನಿಂದ ಎಕ್ಸ್‌ಪೋರ್ಟ್ ಮಾಡಿ ತೆಗೆದಿಡಿ. ಅಲ್ಲಿಯವರೆಗೆ ಹಳೇ ಆ್ಯಪ್ ಅಳಿಸಬೇಡಿ.

ಸೆಟ್ಟಿಂಗ್‌ನಲ್ಲಿ ಹೆಸರು, ವಿಳಾಸ, ಪಾಸ್‌ವರ್ಡ್ ಕೊಟ್ಟರೆ ಉಳಿದದ್ದನ್ನು ತಾನೇ ಹುಡುಕುತ್ತೆ. ಸಿಗದಿದ್ದರೆ ಕೈಯಿಂದ ತುಂಬಿ. ಒಳಬರುವ ಮೇಲ್‌ಗೆ ಪೋರ್ಟ್ 993, ಹೊರಹೋಗುವುದಕ್ಕೆ 465 ಅಥವಾ 587. ಯೂಸರ್‌ನೇಮ್ ಜಾಗದಲ್ಲಿ ಬಹಳ ಕಡೆ ಪೂರ್ತಿ ಇಮೇಲ್ ವಿಳಾಸ ಹಾಕಬೇಕು, ಅಟ್ ಗುರುತಿನ ಹಿಂದಿನದಷ್ಟೇ ಸಾಲದು.

ಈಗ ತೊಂದರೆಗಳು. ಒಂದು ಫೋಲ್ಡರ್‌ನ ಮೇಲ್‌ಗಳನ್ನೆಲ್ಲ ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದೇ ದೊಡ್ಡ ಫೈಲ್‌ನಲ್ಲಿ ಇಡುತ್ತೆ. ನೀವು ಮೇಲ್ ಅಳಿಸಿದರೂ ಅದು ಆ ಫೈಲ್‌ನಿಂದ ತಕ್ಷಣ ಹೋಗಲ್ಲ, ಕಣ್ಣಿಗೆ ಕಾಣದಂತೆ ಗುರುತು ಬೀಳುತ್ತೆ ಅಷ್ಟೇ. 'ಕಾಂಪ್ಯಾಕ್ಟ್' ಮಾಡಿದಾಗಲೇ ಜಾಗ ಖಾಲಿಯಾಗುವುದು. ಜಾಗ ಉಳಿಸಲು ಕಾಂಪ್ಯಾಕ್ಟ್ ಮಾಡಲಾ ಅಂತ ಅದೇ ಕೇಳುತ್ತೆ, ಹೂಂ ಅನ್ನಿ. ಇದೇ ಕಾರಣಕ್ಕೆ ಆ್ಯಂಟಿವೈರಸ್ ಕಡೆಯೂ ಒಂದು ಕಣ್ಣಿರಲಿ. ಒಂದು ಕೆಟ್ಟ ಅಟ್ಯಾಚ್‌ಮೆಂಟ್ ಕಂಡಿತು ಅಂತ ಅದು ಇಡೀ ಇನ್‌ಬಾಕ್ಸ್ ಫೈಲನ್ನೇ ಎತ್ತಿ ಬೇರೆ ಕಡೆ ಇಟ್ಟುಬಿಡಬಹುದು. ಥಂಡರ್‌ಬರ್ಡ್‌ನ ಪ್ರೊಫೈಲ್ ಫೋಲ್ಡರ್ ಮುಟ್ಟಬೇಡ ಅಂತ ಆ್ಯಂಟಿವೈರಸ್‌ಗೆ ಹೇಳಿಡಿ.

ಆ ಪ್ರೊಫೈಲ್ ಫೋಲ್ಡರ್‌ನಿಂದ ಉಪಕಾರವೂ ಇದೆ. ಅಕೌಂಟ್, ವಿಳಾಸಪಟ್ಟಿ, ಫಿಲ್ಟರ್ ಎಲ್ಲ ಅದರಲ್ಲೇ. ಪ್ರೋಗ್ರಾಂ ಮುಚ್ಚಿ, ಅದೊಂದನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಬ್ಯಾಕಪ್ ಆಯ್ತು. ಪಾಸ್‌ವರ್ಡ್ ಕೂಡ ಅದರೊಳಗೇ ಇರುತ್ತೆ, ಹಾಗಾಗಿ ಆ ಪೆನ್‌ಡ್ರೈವ್ ಎಲ್ಲೆಂದರಲ್ಲಿ ಬಿಡಬೇಡಿ.

ಆ್ಯಡ್‌ಆನ್, ಅಂದ್ರೆ ಹೆಚ್ಚಿನ ಸೌಲಭ್ಯಕ್ಕೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಸಿಗುತ್ತೆ ಅಂತ ಕಂಡದ್ದೆಲ್ಲ ತುಂಬಬೇಡಿ. ಹೊಸ ಆವೃತ್ತಿ ಬಂದಾಗ ಮೊದಲು ಕೈಕೊಡುವುದು ಅವೇ.

ಲೆಕ್ಕಪತ್ರ ವಿಭಾಗದವರೊಬ್ಬರು:

ನಮ್ಮಂಥ ಔಟ್‌ಲುಕ್ ಬಳಕೆದಾರರಿಂದ ನಿಮಗೊಂದು ಕಾಟ ಬರಬಹುದು, ಈಗಲೇ ಹೇಳಿಬಿಡ್ತೀನಿ. ನಾವು ಫೈಲ್ ಕಳಿಸಿರುತ್ತೇವೆ, ನಿಮಗೆ 'ವಿನ್‌ಮೇಲ್ ಡಾಟ್ ಡ್ಯಾಟ್' ಅನ್ನುವ ಒಂದೇ ಫೈಲ್ ಕಾಣುತ್ತೆ. ಅದು ವೈರಸ್ ಅಲ್ಲ. ಔಟ್‌ಲುಕ್‌ನಲ್ಲಿ ಮೇಲ್‌ನ ಫಾರ್ಮ್ಯಾಟ್ ರಿಚ್ ಟೆಕ್ಸ್ಟ್ ಅಂತ ಆರಿಸಿ ಕಳಿಸಿದಾಗ ಹೀಗಾಗುತ್ತೆ. ಎಚ್‌ಟಿಎಂಎಲ್ ಫಾರ್ಮ್ಯಾಟ್‌ನಲ್ಲಿ ಮತ್ತೆ ಕಳಿಸಿ ಅಂತ ಕೇಳಿ, ಸರಿಹೋಗುತ್ತೆ.

ಮತ್ತೊಬ್ಬರು:

ಯಾವುದೂ ಹಾಕಿಕೊಳ್ಳದೆ ವೆಬ್‌ಮೇಲ್‌ನಲ್ಲೇ ಕೆಲಸ ಮಾಡಿ ಅಂತ ನಾನು ಹೇಳೋಣ ಅಂತಿದ್ದೆ. ಎರಡು ವಿಳಾಸ ಅಂದಮೇಲೆ ಬೇಡ ಬಿಡಿ, ಲಾಗಿನ್ ಲಾಗೌಟ್ ಮಾಡಿಯೇ ಸುಸ್ತು. ಮ್ಯಾಕ್ ಇದ್ದವರಿಗೆ ಅದರ ಜೊತೆ ಬರುವ ಮೇಲ್ ಸಾಕು. ಲಿನಕ್ಸ್‌ನವರು ಎವಲ್ಯೂಷನ್ ನೋಡಿ, ಎಕ್ಸ್‌ಚೇಂಜ್‌ಗೂ ಕೂರುತ್ತೆ.

ದೊಡ್ಡ ಫೈಲ್ ಕಳಿಸಲು ಆಗುವ ಪ್ರೋಗ್ರಾಂ ಬೇಕು ಅಂತ ಕೆಲವರು ಹುಡುಕುತ್ತಾರೆ. ಮಿತಿ ಇರುವುದು ಸರ್ವರ್‌ನಲ್ಲಿ, ಪ್ರೋಗ್ರಾಂನಲ್ಲಿ ಅಲ್ಲ. ಮೇಲ್‌ನಲ್ಲಿ ಹೋಗುವಾಗ ಫೈಲ್ ಸುಮಾರು ಮೂರನೇ ಒಂದು ಭಾಗ ಹಿಗ್ಗುತ್ತೆ. 20 ಎಂಬಿ ಫೈಲ್ ಹತ್ತಿರ ಹತ್ತಿರ 27 ಎಂಬಿ ಆಗುತ್ತೆ. 25ರ ಮಿತಿ ಇದ್ದರೆ ವಾಪಸ್ ಬರುತ್ತೆ. ಲಿಂಕ್ ಕಳಿಸುವುದೇ ವಾಸಿ.

ಕೇಳಿದವರು:

ಥಂಡರ್‌ಬರ್ಡ್ ಹಾಕಿದೆ, ಹಳೇ ಮೇಲ್ ಎಲ್ಲ ಬಂತು. ಆದರೆ 'ಸೆಂಟ್' ಅಂತ ಒಂದು ಫೋಲ್ಡರ್, 'ಸೆಂಟ್ ಐಟಮ್ಸ್' ಅಂತ ಇನ್ನೊಂದು ಕಾಣುತ್ತಿದೆ. ಹಳೆಯದೆಲ್ಲ ಎರಡನೆಯದರಲ್ಲಿ, ಇವತ್ತು ಕಳಿಸಿದ್ದು ಮೊದಲನೆಯದರಲ್ಲಿ. ಯಾಕೆ?

ಸಣ್ಣ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುವವರು:

ಹಳೇ ಪ್ರೋಗ್ರಾಂ ಇಟ್ಟ ಹೆಸರು ಬೇರೆ, ಇದು ಇಡುವ ಹೆಸರು ಬೇರೆ, ಅಷ್ಟೇ. ಅಕೌಂಟ್ ಸೆಟ್ಟಿಂಗ್ಸ್‌ಗೆ ಹೋಗಿ 'ಕಾಪೀಸ್ ಆ್ಯಂಡ್ ಫೋಲ್ಡರ್ಸ್' ತೆರೆಯಿರಿ. ಕಳಿಸಿದ ಮೇಲ್‌ನ ಪ್ರತಿ ಎಲ್ಲಿ ಇಡಬೇಕು ಅನ್ನುವ ಕಡೆ 'ಅದರ್' ಅಂತ ಆರಿಸಿ, ಸರ್ವರ್‌ನಲ್ಲಿರುವ ಹಳೇ ಫೋಲ್ಡರ್ ತೋರಿಸಿ. ಇವತ್ತು ಕಳಿಸಿದವುಗಳನ್ನು ಅದಕ್ಕೇ ಎಳೆದು ಹಾಕಿ. ಎರಡು ಅಕೌಂಟ್ ಇದೆಯಲ್ಲ, ಎರಡಕ್ಕೂ ಬೇರೆ ಬೇರೆಯಾಗಿ ಮಾಡಬೇಕು. ಡ್ರಾಫ್ಟ್ಸ್ ಕೂಡ ಅದೇ ಪುಟದಲ್ಲಿದೆ, ಒಂದೇ ಕೈಯಲ್ಲಿ ಅದನ್ನೂ ಸರಿಮಾಡಿಬಿಡಿ.