ಫೋನ್ ನಮ್ಮ ಮಾತು ಕದ್ದು ಕೇಳುತ್ತಾ? ಈಗ ಯಾವುದನ್ನ ನಂಬೋದು?

ಸಂಶಯಜೀವಿ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಅಮ್ಮ ಮಂಡಿ ನೋವು ಅಂತಿದ್ರು, ಮಂಡಿಗೆ ಹಾಕ್ಕೊಳೋ ಬೆಲ್ಟ್ ತರ್ಸೋಣ ಬಿಡಿ ಅಂತ ಬಾಯಲ್ಲಿ ಹೇಳಿದ್ದು ಅಷ್ಟೇ, ಫೋನಲ್ಲಿ ಒಂದಕ್ಷರ ಟೈಪ್ ಮಾಡಿಲ್ಲ, ಬೆಳಿಗ್ಗೆ ಎದ್ದು ನೋಡಿದ್ರೆ ಮೊದಲನೇ ಜಾಹೀರಾತೇ ಮಂಡಿ ಬೆಲ್ಟ್‌ದು. ಮೈ ಜುಮ್ ಅಂತು. ಅವತ್ತಿಂದ ಫೋನ್ ಪಕ್ಕದ ರೂಮಲ್ಲಿಟ್ಟು ಮಾತಾಡ್ತಿದೀನಿ. ಇದೊಂದೇ ಅಲ್ಲ, ನ್ಯೂಸಲ್ಲಿ ಇವತ್ತು ಒಳ್ಳೇದು ಅಂದಿದ್ದನ್ನ ನಾಳೆ ಅಪಾಯ ಅಂತಾರೆ, ವಿಡಿಯೋ ನೋಡಿದ್ರೆ ಎಐ ಇರ್ಬೋದಾ ಅಂತ ಅನುಮಾನ. ಕೊನೆಗೆ ಯಾವುದನ್ನೂ ನಂಬೋದೇ ಬೇಡ ಅಂತ ತೀರ್ಮಾನ ಮಾಡ್ಬಿಟ್ಟೆ. ಎಲ್ಲದಕ್ಕೂ ಕೊಂಕು ತೆಗೀತೀಯ ಅಂತ ಮನೇಲಿ ಬೈತಾರೆ. ನಾನು ಮಾಡ್ತಿರೋದು ಸರಿನಾ?

ಹಳೇ ಅನುಮಾನಿ:
ನಾನೂ ಸುಲಭಕ್ಕೆ ನಂಬೋ ಪೈಕಿ ಅಲ್ಲ. ಆದ್ರೆ ಏನನ್ನೂ ನಂಬಲ್ಲ ಅಂದವ್ರು ಫೋನ್ ಕದ್ದು ಕೇಳುತ್ತೆ ಅನ್ನೋದನ್ನ ಮಾತ್ರ ಒಂದೇ ಸಲಕ್ಕೆ ನಂಬಿಬಿಟ್ರಲ್ಲ, ನಿಮ್ಮ ಅನುಮಾನ ಅಲ್ಲಿಗೂ ಹೋಗ್ಬೇಕಿತ್ತು. ಅಮೆರಿಕದ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯವ್ರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನ ಪರೀಕ್ಷೆ ಮಾಡಿ 2018ರಲ್ಲಿ ರಿಸಲ್ಟ್ ಹೇಳಿದ್ರು, ಮಾತು ಕದ್ದು ಕಳಿಸ್ತಿದ್ದ ಆ್ಯಪ್ ಒಂದೂ ಸಿಗ್ಲಿಲ್ಲ. ಹಾಗಂತ ಮುಂದೆಂದೂ ಯಾರೂ ಮಾಡಲ್ಲ ಅಂತ ಅರ್ಥ ಅಲ್ಲ. ಅವ್ರಿಗೆ ಸಿಕ್ಕಿದ್ದು ಬೇರೇನೇ, ನಾವು ಆ್ಯಪ್ ಒಳಗೆ ಏನ್ ಒತ್ತಿದ್ವಿ ಏನ್ ಬರೆದ್ವಿ ಅಂತ ಸ್ಕ್ರೀನನ್ನೇ ರೆಕಾರ್ಡ್ ಮಾಡಿ ಮೂರನೆಯವ್ರಿಗೆ ಕಳಿಸ್ತಿದ್ದ ಆ್ಯಪ್‌ಗಳು. ಭಯ ಪಡ್ಬೇಕಾಗಿರೋದು ಅದಕ್ಕೆ. ಜಾಹೀರಾತಿನವ್ರಿಗೆ ಮೈಕ್ ಬೇಕಾಗೇ ಇಲ್ಲ, ಒಂದೇ ವೈಫೈಲಿ ಇರೋ ಇನ್ನೊಬ್ರು ಹುಡುಕಿದ್ದೂ ಸಾಕು ನಿಮಗೆ ತೋರ್ಸಕ್ಕೆ. ಮನೇಲಿ ಕೇಳಿ ನೋಡಿ. ಆಮೇಲೆ ಆಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದ್ರೆ ಸೆಟ್ಟಿಂಗ್ಸಲ್ಲಿ ಪ್ರೈವೆಸಿ ಡ್ಯಾಶ್‌ಬೋರ್ಡ್ ತೆಗೀರಿ, ಹಿಂದಿನ 24 ಗಂಟೇಲಿ ಯಾವ ಆ್ಯಪ್ ಮೈಕ್ ಬಳಸಿದೆ ಅಂತ ಟೈಮ್ ಸಮೇತ ಇರುತ್ತೆ.

ಲೆಕ್ಕದ ಮೇಡಂ:
ನ್ಯೂಸ್ ವಿಷ್ಯಕ್ಕೆ ನಾನೊಂದು ಹೇಳ್ತೀನಿ. ಅಪಾಯ ಡಬಲ್ ಆಗುತ್ತೆ ಅಂತ ಹೆಡ್‌ಲೈನ್ ನೋಡಿದ್ರೆ ತಕ್ಷಣ ಕೇಳ್ಬೇಕು, ಎಷ್ಟಿದ್ದಿದ್ದು ಎಷ್ಟಾಗುತ್ತೆ? 1995ರಲ್ಲಿ ಬ್ರಿಟನ್ನಲ್ಲಿ ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಡಬಲ್ ಅಂತ ಎಚ್ಚರಿಕೆ ಕೊಟ್ರು. ಸುಳ್ಳಲ್ಲ ಅದು. ಆದ್ರೆ ಸುಮಾರು 7000 ಹೆಂಗಸರಲ್ಲಿ ಒಬ್ರಿಗೆ ಆಗ್ತಿದ್ದಿದ್ದು ಇಬ್ರಿಗೆ ಆಗುತ್ತೆ ಅಷ್ಟೇ, ಆ ಲೆಕ್ಕ ಜನಕ್ಕೆ ಮುಟ್ಲೇ ಇಲ್ಲ. ಎಷ್ಟೋ ಜನ ಹೆದರಿ ಮಾತ್ರೆ ಬಿಟ್ರು, ಮಾರನೇ ವರ್ಷ ಬೇಡದ ಗರ್ಭ, ಗರ್ಭಪಾತ ಸಾವಿರಗಟ್ಟಲೆ ಜಾಸ್ತಿ ಆಯ್ತು. ಗರ್ಭಿಣಿಯಾದಾಗ ರಕ್ತ ಹೆಪ್ಪುಗಟ್ಟೋ ಅಪಾಯ ಆ ಮಾತ್ರೆಗಿಂತ ಜಾಸ್ತಿ. ಇದನ್ನ ಓದಿದಾಗೆಲ್ಲ ನಂಗೆ ಸಂಕಟ ಆಗುತ್ತೆ. ನಂಬಬೇಡಿ ಅಂತಲ್ಲ, ಸಂಖ್ಯೆ ಕೇಳಿ ಅಂತೀನಿ.

ರಾತ್ರಿಪಾಳಿ:
ಇಷ್ಟೆಲ್ಲ ಚೆಕ್ ಮಾಡ್ತಾ ಕೂರಕ್ಕೆ ಎಲ್ಲರಿಗೂ ಪುರುಸೊತ್ತಿಲ್ಲ ಮೇಡಂ. ನಾನು ಸುಮ್ನೆ ಕಾಯ್ತೀನಿ. 2023 ಮೇನಲ್ಲಿ ಅಮೆರಿಕದ ಸೇನೆಯ ಮುಖ್ಯ ಕಚೇರಿ ಪೆಂಟಗನ್ ಹತ್ರ ಸ್ಫೋಟ ಅಂತ ಫೋಟೋ ಓಡಾಡ್ತಲ್ಲ, ಅಲ್ಲಿನ ಷೇರು ಮಾರ್ಕೆಟ್ಟೇ ಒಂದು ಗಳಿಗೆ ಇಳೀತು, ಸ್ವಲ್ಪ ಹೊತ್ತಲ್ಲೇ ಅಲ್ಲಿನ ಫೈರ್ ಇಲಾಖೆಯವ್ರು ಅಂಥದ್ದೇನೂ ಆಗಿಲ್ಲ ಅಂದ್ರು. ಬೇರೆಯವ್ರಿಗೆ ಕಳ್ಸೋ ಮುಂಚೆ ಅರ್ಧ ಗಂಟೆ ತಡೆದ್ರೆ ನಮ್ಮದೇನೂ ಗಂಟು ಹೋಗಲ್ಲ. ಆದ್ರೆ ಮನೆಯವ್ರ ದನೀಲಿ ಫೋನ್ ಬಂದು ಈಗ್ಲೇ ದುಡ್ಡು ಹಾಕು ಅಂದ್ರೆ ಮಾತ್ರ ಕಾಯೋದಲ್ಲ, ಕಟ್ ಮಾಡಿ ನಿಮ್ಮ ಹತ್ರ ಇರೋ ನಂಬರಿಗೆ ನೀವೇ ತಿರುಗಿ ಮಾಡಿ. ದನಿ ನಕಲು ಮಾಡಕ್ಕೆ ಈಗ ಚಿಕ್ಕ ಆಡಿಯೋ ತುಣುಕು ಇದ್ರೂ ಸಾಕು.

ಸಂಶಯಜೀವಿ:
ಕೇಳಿದೆ. ತಂಗಿ ಹಿಂದಿನ ರಾತ್ರೀನೇ ಅಮ್ಮಂಗೆ ಅಂತ ಬೆಲ್ಟ್ ಹುಡುಕಿದ್ಳಂತೆ, ನಮ್ಮನೆ ವೈಫೈಲೇ. ಡ್ಯಾಶ್‌ಬೋರ್ಡಲ್ಲಿ ಮೈಕ್ ಎರಡೇ ಸಲ ಇದೆ, ಎರಡೂ ನಾನೇ ಮಾಡಿದ ಕಾಲ್. ಆದ್ರೆ ಲೊಕೇಶನ್ ತೆಗೆದ್ರೆ ಯಾವತ್ತೋ ಹಾಕ್ಕೊಂಡಿದ್ದ ಟಾರ್ಚ್ ಆ್ಯಪ್ ಒಂದು ರಾತ್ರಿ 2:10, 2:25, 2:40 ಅಂತ ಕಾಲು ಗಂಟೆಗೊಂದ್ಸಲ ನಾನೆಲ್ಲಿದೀನಿ ಅಂತ ನೋಡಿದೆ, ನಾನು ನಿದ್ದೆ ಮಾಡ್ತಿರೋವಾಗ! ತಕ್ಷಣ ಅಳಿಸಿ ಹಾಕ್ದೆ. ಹಳೇ ಅನುಮಾನಿಯವ್ರೆ, ಆ್ಯಪ್ ತನ್ನ ಸ್ಕ್ರೀನನ್ನೇ ರೆಕಾರ್ಡ್ ಮಾಡ್ತಿದ್ರೆ ಇದರಲ್ಲಿ ಕಾಣಲ್ಲ ಅಲ್ವಾ, ಅದನ್ನ ಹಿಡಿಯೋದು ಹೇಗೆ?