ಅಪ್‌ಡೇಟ್: ಕಾಲುನೋವಿಗೆ ಆರ್ನಿಕಾ ಗುಳಿಗೆ ಕೇಳಿದ್ದೆನಲ್ಲ
ಕುಂದವಾಡ ಕೆರೆ ಹತ್ತಿರ ಓಡೋರಿಗೆ ಅಂತಲೇ ಒಬ್ಬರು ಆರ್ನಿಕಾ 30ಸಿ ಅನ್ನೋ ಹೋಮಿಯೋಪಥಿ ಗುಳಿಗೆ ಮಾರ್ತಿದ್ದಾರೆ, ಮೊಣಕಾಲ ಕೆಳಗಿನ ನೋವಿಗೆ ತಗೊಳ್ಳಲಾ ಅಂತ ಹೋದ ತಿಂಗಳು ಕೇಳಿದ್ದೆ. ತಗೊಳ್ಳಲಿಲ್ಲ.

30ಸಿ ಅಂದ್ರೆ ಆರ್ನಿಕಾ ಗಿಡದ ಸಾರವನ್ನ ನೂರಕ್ಕೆ ಒಂದರಂತೆ 30 ಸಲ ತೆಳು ಮಾಡಿದ್ದು. ಲೆಕ್ಕ ಹಾಕಿದೆ: 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲಿಗೆ ಒಂದೇ ಪಾಲು ಸಾರ! ಗಿಡದ ಒಂದು ಅಣುವೂ ಗುಳಿಗೆಯಲ್ಲಿ ಉಳಿದಿರೋದಿಲ್ಲ. ಪುರಾವೆ ಕೇಳಿದ್ದಕ್ಕೆ, 'ಹತ್ತೇ ದಿನಕ್ಕೆ ವಾಸಿಯಾದವರು' ಅಂತ ನಾಲ್ಕು ಜನರ ಫೋಟೊ ತೋರಿಸಿದರು. ವಿಚಾರಿಸಿದರೆ, ಆ ಹತ್ತು ದಿನ ಅವರು ಓಡಿಯೇ ಇರಲಿಲ್ಲ. ಹಾಗಾದ್ರೆ ವಾಸಿ ಮಾಡಿದ್ದು ಗುಳಿಗೆ ಅಂತ ಹೇಗೆ ನಂಬೋದು?

ಫಿಜಿಯೋ ಹೇಳಿದಂತೆ ಓಟ ಅರ್ಧಕ್ಕೆ ಇಳಿಸಿ, ಮೀನಖಂಡದ ವ್ಯಾಯಾಮ ಮಾಡ್ತಿದ್ದೀನಿ. ನಿನ್ನೆ 5 ಕಿಲೋಮೀಟರ್ ಓಡಿದೆ, ನೋವಿಲ್ಲ. ದುಡ್ಡು ಕೊಡಬೇಡ ಅಂತ ಎಚ್ಚರಿಸಿದ ಅಕ್ಕನಿಗೆ ತುಂಬಾ ಥ್ಯಾಂಕ್ಸ್.